ಮುಧೋಳ ನಾಯಿ ತರೋಕೆ ಮುಂಚೆ ಒಂದ್ಸಲ ಓದಿ

ಈ ತಿಂಗಳು ಬಂದಿರೋ ಪತ್ರ, ಇಮೇಲು, ವಾಟ್ಸಾಪ್ ಮೆಸೇಜು ಎಲ್ಲಾ ಗುಡ್ಡೆ ಹಾಕ್ಕೊಂಡು ಕೂತ್ರೆ ಅರ್ಧಕ್ಕಿಂತ ಜಾಸ್ತಿ ಮುಧೋಳ ನಾಯಿ ಬಗ್ಗೇನೇ ಇವೆ. 2020ರ ಆಗಸ್ಟಲ್ಲಿ ಪ್ರಧಾನಿ ಮೋದಿ ಮನ್ ಕಿ ಬಾತ್‌ನಲ್ಲಿ ದೇಸಿ ತಳಿ ಸಾಕಿ ಅಂತ ಹೇಳಿ ಮುಧೋಳದ ಹೆಸರು ತಗೊಂಡ ಮೇಲೆ ಜಾಸ್ತಿಯಾದ ಈ ಹುಚ್ಚು ಇನ್ನೂ ಇಳಿದಿಲ್ಲ. ಖುಷಿನೇ, ಆದ್ರೆ ಒಬ್ಬ ಪಶುವೈದ್ಯನಾಗಿ ನಂಗೆ ಸ್ವಲ್ಪ ಭಯಾನೂ ಆಗುತ್ತೆ, ಯಾಕೆ ಅಂತ ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತೆ. ಲ್ಯಾಬು, ಪಗ್ಗು ಸಾಕಿರೋರು ಬೇಜಾರು ಮಾಡ್ಕೋಬೇಡಿ, ನಿಮ್ಮದು ಮುಂದಿನ ಸಂಚಿಕೆಗೆ.

ಪ್ರಶ್ನೆ: ಸಾರ್, ನಾವು ಬೆಂಗಳೂರಲ್ಲಿ ಐದನೇ ಫ್ಲೋರಲ್ಲಿ ಟೂ ಬಿಎಚ್‌ಕೆ ಫ್ಲ್ಯಾಟಲ್ಲಿ ಇದ್ದೀವಿ. ನಾನು ನನ್ನ ಹೆಂಡತಿ ಇಬ್ರೂ ಐಟಿ. ನಮ್ಮ ಕರ್ನಾಟಕದ ತಳಿ ಅನ್ನೋ ಅಭಿಮಾನಕ್ಕೆ ಮುಧೋಳ ಮರಿ ತರಬೇಕು ಅಂತ ಆಸೆ. ತರಬಹುದಾ?
(ಹೆಬ್ಬಾಳ, ಬೆಂಗಳೂರು)

ಉತ್ತರ: ಅಭಿಮಾನ ಒಳ್ಳೇದೇ, ಆದ್ರೆ ನಾಯಿಗೆ ಅಭಿಮಾನ ಊಟಕ್ಕೆ ಬರಲ್ಲ ಸಾರ್. ಮುಧೋಳ ಅಂದ್ರೆ ಕಣ್ಣಲ್ಲಿ ನೋಡಿ ಅಟ್ಟಿಸಿಕೊಂಡು ಹೋಗೋ ಬೇಟೆ ನಾಯಿ, ವಾಸನೆ ಹಿಡ್ಕೊಂಡು ನಿಧಾನಕ್ಕೆ ಹೋಗೋ ಜಾತಿ ಅಲ್ಲ. ಅದರ ಮೈ ನೋಡಿ, ಉದ್ದ ಸಪೂರ ತಲೆ, ಆಳವಾದ ಎದೆಗೂಡು, ಒಳಗೆ ಸೇರಿಕೊಂಡಿರೋ ಹೊಟ್ಟೆ, ಉದ್ದ ಕಾಲು, ಗಂಡು ನಾಯಿ ಭುಜದ ಹತ್ರ ಹೆಚ್ಚುಕಮ್ಮಿ 70 ಸೆಂಟಿಮೀಟರ್ ಎತ್ತರ ಬರುತ್ತೆ. ಪೂರ್ತಿ ಸ್ಪೀಡಲ್ಲಿ ಓಡೋವಾಗ ಒಂದೊಂದು ನೆಗೆತಕ್ಕೆ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತೆ, ಒಂದ್ಸಲ ಮೈ ಮುದುಡಿದಾಗ, ಇನ್ನೊಂದ್ಸಲ ಪೂರ್ತಿ ಚಾಚಿದಾಗ. ಇಂಥದ್ದನ್ನ ಬೆಳಿಗ್ಗೆ ಹತ್ತು ನಿಮಿಷ ಲಿಫ್ಟಲ್ಲಿ ಇಳಿಸಿ ಸೂಸು ಮಾಡಿಸ್ಕೊಂಡು ವಾಪಸ್ ಕರ್ಕೊಂಡು ಬಂದ್ರೆ ಏನಾಗುತ್ತೆ ಹೇಳಿ? ಸೋಫಾ ಹರಿಯುತ್ತೆ, ಬಾಗಿಲು ಕೆರೆಯುತ್ತೆ, ಆಮೇಲೆ ನೀವು "ದೇಸಿ ತಳಿ ಟ್ರೈನಿಂಗ್‌ಗೆ ಬಗ್ಗಲ್ಲ" ಅಂತ ಬೇರೆ ಯಾರಿಗೋ ಕೊಟ್ಟುಬಿಡ್ತೀರ. ಹೀಗೆ ಕೈಯಿಂದ ಕೈಗೆ ಹೋಗಿ ಬೆದರಿ ಹೋಗಿರೋ ಮುಧೋಳಗಳು ಕ್ಲಿನಿಕ್ಕಿಗೆ ಬರ್ತಾನೇ ಇರ್ತವೆ.

ಆದ್ರೂ ಫ್ಲ್ಯಾಟಲ್ಲಿ ಸಾಕೋಕೇ ಆಗಲ್ಲ ಅಂತ ನಾನು ಹೇಳಲ್ಲ. ದೊಡ್ಡದಾದ ಮೇಲೆ ಮನೆಯೊಳಗೆ ಇದು ತುಂಬಾ ಸೈಲೆಂಟು, ಓಡಾಟ ಆಯ್ತು ಅಂದ್ರೆ ದಿನದ ಬಹುಪಾಲು ಮಲಗೇ ಇರುತ್ತೆ. ಸಮಸ್ಯೆ ಸ್ಕ್ವೇರ್ ಫೀಟ್‌ದಲ್ಲ. ದಿನಾ ಎರಡು ಹೊತ್ತು ಒಳ್ಳೆ ವಾಕಿಂಗು, ಜೊತೆಗೆ ವಾರದಲ್ಲಿ ಮೂರು ನಾಲ್ಕು ದಿನವಾದ್ರೂ ಸುತ್ತ ಬೇಲಿ ಇರೋ ಜಾಗದಲ್ಲಿ ಬಿಟ್ಟು ಮನಸ್ಸು ತುಂಬಾ ಓಡಿಸೋಕೆ ಆಗುತ್ತಾ? ಊರ ಹೊರಗೆ ಈಗ ಬೇಲಿ ಹಾಕಿರೋ ಡಾಗ್ ಪಾರ್ಕುಗಳು ಇವೆ, ಅಲ್ಲಿಗೆ ಕರ್ಕೊಂಡು ಹೋಗೋಷ್ಟು ಪುರುಸೊತ್ತು ಇದ್ಯಾ? ಇಬ್ರೂ ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರೋರಾದ್ರೆ ದಯವಿಟ್ಟು ಬೇಡ. ಮುಧೋಳ ಮಾತ್ರ ಅಲ್ಲ, ಯಾವ ಮರೀನೂ ಬೇಡ.

ಪ್ರಶ್ನೆ: ಮುಧೋಳ ನಾಯಿ ಶಿವಾಜಿ ಸೈನ್ಯದಲ್ಲಿತ್ತು ಅಂತಾರೆ, ಇಂಗ್ಲೆಂಡ್ ರಾಜನಿಗೆ ಕೊಟ್ಟಿದ್ರು ಅಂತಾರೆ, ಕ್ಯಾರವಾನ್ ಹೌಂಡ್ ಅನ್ನೋದೂ ಇದೇನೇ ಅಂತಾರೆ. ಇದರಲ್ಲಿ ನಿಜ ಯಾವುದು?
(ಕಾಲೇಜು ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಒಳ್ಳೆ ಪ್ರಶ್ನೆ ಕಣಮ್ಮಾ. ಶಿವಾಜಿ ಕತೆ ಜನರ ಬಾಯಲ್ಲಿರೋದು, ಕೇಳೋಕೆ ಚೆನ್ನಾಗಿದೆ, ಅಷ್ಟಕ್ಕೇ ಬಿಡೋಣ. ಮಧ್ಯ ಏಷ್ಯಾ, ಪರ್ಷಿಯಾ, ಅರಬ್ ಕಡೆಯಿಂದ ಬಂದ ವ್ಯಾಪಾರಿಗಳು, ಸೈನಿಕರ ಜೊತೆ ಸಲೂಕಿ ಥರದ ಓಟದ ನಾಯಿಗಳು ಬಂದು, ಇಲ್ಲಿನ ನಾಯಿಗಳ ಜೊತೆ ಬೆರೆತು ದಖನ್ನಿನ ಬಯಲಲ್ಲಿ ಈ ತಳಿ ಆಯ್ತು ಅನ್ನೋದು ಸಾಮಾನ್ಯವಾಗಿ ಎಲ್ರೂ ಒಪ್ಪೋ ಮಾತು. ಸಲೂಕಿ ಫೋಟೋ ಪಕ್ಕ ನಮ್ಮ ಮುಧೋಳದ ಫೋಟೋ ಇಟ್ಟು ನೋಡು, ಆ ಮೈಕಟ್ಟು ನೋಡಿದ್ರೇ ಸಂಬಂಧ ಗೊತ್ತಾಗುತ್ತೆ, ಸಲೂಕಿಗೆ ಕಿವಿ, ಬಾಲದಲ್ಲಿ ಉದ್ದ ಕೂದಲು ಜೋತಾಡುತ್ತೆ, ನಮ್ಮದು ನುಣ್ಣಗೆ ಇರುತ್ತೆ ಅಷ್ಟೇ.

ಮುಧೋಳ ಅನ್ನೋ ಹೆಸರು ಬಂದಿದ್ದು ಅಲ್ಲಿನ ಘೋರ್ಪಡೆ ಸಂಸ್ಥಾನಿಕರಿಂದ. ಘಟಪ್ರಭಾ ದಂಡೆ ಮೇಲಿನ ಮುಧೋಳ ಆಗ ಒಂದು ಪುಟ್ಟ ಸಂಸ್ಥಾನ, ಸ್ವಾತಂತ್ರ್ಯ ಬಂದಮೇಲೆ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, ಆಮೇಲೆ ಕರ್ನಾಟಕಕ್ಕೆ ಬಂದು, ಈಗ ಬಾಗಲಕೋಟೆ ಜಿಲ್ಲೇಲಿದೆ. (ನಾಯಿಗಿಂತ ಸಾವಿರ ವರ್ಷ ಮುಂಚೇನೇ ಆ ಊರಿಗೆ ಹೆಸರು ತಂದೋನು ಕವಿ ರನ್ನ, ಈಗಿನ ಹುಡುಗರಿಗೆ ಮುಧೋಳ ಅಂದ್ರೆ ನಾಯಿ ಮಾತ್ರ ನೆನಪಾಗುತ್ತೆ, ಏನ್ ಮಾಡೋದು.) ಸುತ್ತಮುತ್ತಲ ಬೇಡರು ಬೇಟೆಗೆ ಇಟ್ಕೊಂಡಿದ್ದ ಈ ನಾಯಿಗಳನ್ನ ನೋಡಿ ರಾಜಾ ಮಾಲೋಜಿರಾವ್ ಘೋರ್ಪಡೆ ಮೆಚ್ಚಿ, ಒಳ್ಳೊಳ್ಳೆದನ್ನ ಆರಿಸಿ ಅರಮನೇಲಿ ತಳಿ ಬೆಳೆಸೋಕೆ ಶುರುಮಾಡಿದ್ರು. ಹಿಂದಿನ ಶತಮಾನದ ಶುರುವಲ್ಲಿ ಇಂಗ್ಲೆಂಡಿಗೆ ಹೋದಾಗ ಒಂದು ಜೋಡಿ ನಾಯೀನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ರು ಅಂತ ಹೇಳ್ತಾರೆ, ಅಲ್ಲಿಂದ ಮುಧೋಳ ಹೌಂಡ್ ಅನ್ನೋ ಹೆಸರು ಗಟ್ಟಿಯಾಯ್ತು. ನನ್ನ ಕೇಳಿದ್ರೆ ಈ ತಳೀನ ಉಳಿಸಿದ್ದು ರಾಜರು ಅನ್ನೋದು ಅರ್ಧ ಸತ್ಯ. ಅರಮನೆಗೆ ಬರೋ ಮುಂಚೆ ಎಷ್ಟೋ ತಲೆಮಾರು ರೊಟ್ಟಿ ಹಾಕಿ ಸಾಕಿದೋರು ಬೇಡರು, ಕುರುಬರು, ಹೊಲದವರು. ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಕ್ಯಾರವಾನ್ ಹೌಂಡ್ ಅಂದ್ರೂ ಇದೇ. ವ್ಯಾಪಾರಿಗಳ ಕಾರವಾನ್ ಜೊತೆ ಬಂದಿದ್ದು ಅಂತ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಕಾರವಾನಿ ಅಂತಾರೆ, ಕೆನಲ್ ಕ್ಲಬ್ ಆಫ್ ಇಂಡಿಯಾ ಕಾಗದದಲ್ಲಿ ಕ್ಯಾರವಾನ್ ಹೌಂಡ್ ಅಂತಾನೇ ಬರುತ್ತೆ. ಹಾಗಾಗಿ ನಿಮ್ಮ ಮರಿಯ ಸರ್ಟಿಫಿಕೇಟಲ್ಲಿ ಆ ಹೆಸರು ಕಂಡ್ರೆ ಮೋಸ ಹೋದೆ ಅಂತ ಗಾಬರಿಯಾಗಬೇಡಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಸ್ಟ್ಯಾಂಪ್ ತಂದಾಗ ಅದರಲ್ಲಿ ಒಂದು ಮುಧೋಳ. 2016ರಲ್ಲಿ ಸೇನೆಯವರು ಮರಿಗಳನ್ನ ಮೀರತ್‌ನ ತಮ್ಮ ಟ್ರೈನಿಂಗ್ ಸೆಂಟರ್‌ಗೆ ಒಯ್ದರು, ಅದುವರೆಗೂ ಅಲ್ಲಿ ಲ್ಯಾಬ್ರಡಾರು, ಜರ್ಮನ್ ಶೆಫರ್ಡುಗಳದ್ದೇ ಕಾರುಬಾರು. ಈಚೆಗೆ ಬಿಎಸ್‌ಎಫ್‌ನ ರಿಯಾ ಅನ್ನೋ ಮುಧೋಳ ಹೆಣ್ಣು ನಾಯಿ 2024ರ ಆಲ್ ಇಂಡಿಯಾ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ವಾಸನೆ ಹಿಡಿದು ಜಾಡು ಪತ್ತೆ ಮಾಡೋದ್ರಲ್ಲಿ ಮೊದಲನೇ ಸ್ಥಾನ ತಗೊಂಡ್ತು. ಕಣ್ಣಲ್ಲಿ ಬೇಟೆಯಾಡೋ ನಾಯಿ ಮೂಗಿನ ಕೆಲಸದಲ್ಲಿ ಗೆದ್ದಿದ್ದು ನೋಡಿ ನಂಗೆ ನಿಜವಾಗ್ಲೂ ಆಶ್ಚರ್ಯ ಆಯ್ತು.

ಪ್ರಶ್ನೆ: ನಮ್ಮ ಮುಧೋಳಕ್ಕೆ ಒಂದೂವರೆ ವರ್ಷ. ಎಷ್ಟು ತಿಂದ್ರೂ ಪಕ್ಕೆಲುಬು ಕಾಣ್ತವೆ. ಅಕ್ಕಪಕ್ಕದವರು ನಾಯಿಗೆ ಊಟ ಹಾಕಲ್ವಾ ಅಂತ ಕೇಳ್ತಾರೆ, ನಮಗೆ ಅವಮಾನ ಆಗುತ್ತೆ. ಏನು ಕೊಟ್ರೆ ದಪ್ಪ ಆಗುತ್ತೆ?
(ಗೃಹಿಣಿ, ಮೈಸೂರು)

ಉತ್ತರ: ದಪ್ಪ ಮಾಡಬೇಡಿ ಅಮ್ಮಾ. ಈ ಜಾತಿಗೆ ಹಿಂದಿನ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆ ಸ್ವಲ್ಪ ಕಾಣೋದೇ ಸರಿಯಾದ ಲಕ್ಷಣ. ಅಕ್ಕಪಕ್ಕದವರು ಲ್ಯಾಬ್ರಡಾರ್ ನೋಡಿ ಅಭ್ಯಾಸ ಆಗಿರೋರು. ನೀವು ಚೆಕ್ ಮಾಡಬೇಕಿರೋದು ತೊಡೆ. ಹಿಂಗಾಲಿನ ತೊಡೆ ಮುಟ್ಟಿದ್ರೆ ಗಟ್ಟಿಯಾಗಿ ಸ್ನಾಯು ತುಂಬಿದೆಯಾ, ಕೂದಲು ಹೊಳೀತಿದೆಯಾ, ಓಡೋ ಉತ್ಸಾಹ ಇದೆಯಾ, ಇದ್ರೆ ನಾಯಿ ಚೆನ್ನಾಗಿದೆ. ಎಲ್ಲಾ ಪಕ್ಕೆಲುಬೂ ಎಣಿಸೋ ಹಾಗೆ ಎದ್ದು ಕಾಣ್ತಿದ್ದು ತೊಡೆ ಸೊರಗಿ ಹೋಗಿದ್ರೆ ಮಾತ್ರ ಜಂತುಹುಳು, ಉಣ್ಣೆ (ರಕ್ತ ಹೀರೋ ಹುಳ, ಟಿಕ್) ಕಚ್ಚಿ ಬರೋ ಜ್ವರ ಇದೆಯಾ ಅಂತ ಟೆಸ್ಟ್ ಮಾಡಿಸಿ.

ಊಟದ ವಿಷಯಕ್ಕೆ ಬಂದ್ರೆ, ಬರೀ ಅನ್ನ ಹಾಲು ಅಥವಾ ರೊಟ್ಟಿ ಮಜ್ಜಿಗೆ ಹಾಕಿದ್ರೆ ಹೊಟ್ಟೆ ತುಂಬುತ್ತೆ, ಸ್ನಾಯು ಬೆಳೆಯಲ್ಲ. ಮುಧೋಳ ಕಡೆ ಜೋಳದ ರೊಟ್ಟಿ ಹಾಲು ಮೊಟ್ಟೆ ಹಾಕಿ ಬೆಳೆಸ್ತಾರೆ, ಜೊತೆಗೆ ಅದು ಹೊಲದಲ್ಲಿ ಏನೇನೋ ಹಿಡಿದು ತಿಂದಿರುತ್ತೆ ಅನ್ನೋದನ್ನ ಮರೀಬೇಡಿ. ನೀವು ಮನೆ ಊಟಾನೇ ಹಾಕೋದಾದ್ರೆ ತಟ್ಟೆಯಲ್ಲಿ ಅರ್ಧದಷ್ಟಾದ್ರೂ ಬೇಯಿಸಿದ ಚಿಕನ್ನು ಮೊಟ್ಟೆ ಇರ್ಲಿ, ಉಳಿದಿದ್ದು ರಾಗಿ ಮುದ್ದೆನೋ ಅನ್ನನೋ ಬೇಯಿಸಿದ ಕ್ಯಾರೆಟ್ಟು ಕುಂಬಳಕಾಯಿನೋ. ಇಂಥ ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಬೀಳುತ್ತೆ, ಎಷ್ಟು ಸೇರಿಸಬೇಕು ಅಂತ ಡಾಕ್ಟ್ರ ಹತ್ರ ಲೆಕ್ಕ ಹಾಕಿಸಿ. ಅಂಗಡಿ ಫುಡ್ ಹಾಕೋ ಮರಿಗೆ ಮಾತ್ರ ಕ್ಯಾಲ್ಸಿಯಂ ಪುಡಿ ಸುರೀಬೇಡಿ, ಅದರಲ್ಲಿ ಮೊದ್ಲೇ ಲೆಕ್ಕ ಹಾಕಿ ಹಾಕಿರ್ತಾರೆ, ಜಾಸ್ತಿಯಾದ್ರೆ ಬೆಳೆಯೋ ಮೂಳೆಗೇ ತೊಂದರೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡವೇ ಬೇಡ, ಈರುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆದುಹಾಕುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟೂ ಬೇಡ.

ಇನ್ನೊಂದು, ಇದು ತುಂಬಾ ಮುಖ್ಯ. ಎದೆ ಆಳವಾಗಿರೋ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳೋ ಅಪಾಯ ಇರುತ್ತೆ. ನಾಯಿ ವಾಂತಿ ಮಾಡೋಕೆ ಒದ್ದಾಡ್ತಿದೆ ಆದ್ರೆ ಏನೂ ಬರ್ತಿಲ್ಲ, ಜೊಲ್ಲು ಸುರೀತಿದೆ, ಹೊಟ್ಟೆ ಉಬ್ಬಿ ಬಿಗಿಯಾಗಿದೆ, ಕೂತಲ್ಲಿ ಕೂರಲ್ಲ ನಿಂತಲ್ಲಿ ನಿಲ್ಲಲ್ಲ ಅಂದ್ರೆ ಬೆಳಿಗ್ಗೆವರೆಗೂ ಕಾಯಬೇಡಿ, ಓಮದ ನೀರು ಕುಡಿಸ್ತಾ ಕೂರಬೇಡಿ, ರಾತ್ರಿ ಎರಡು ಗಂಟೆ ಆಗಿದ್ರೂ ಗಾಡಿ ತೆಗೆದು ಆಪರೇಷನ್ ಮಾಡೋ ಆಸ್ಪತ್ರೆಗೆ ಓಡಿ. ಕೆಲವೇ ಗಂಟೇಲಿ ಪ್ರಾಣ ಹೋಗುತ್ತೆ. ಒಂದೇ ಹೊತ್ತು ದೊಡ್ಡ ಬಟ್ಟಲು ತುಂಬಾ ಹಾಕೋ ಬದಲು ಎರಡು ಹೊತ್ತಿಗೆ ಹಂಚಿ ಹಾಕಿ, ಊಟ ಆದಮೇಲೆ ಒಂದು ಗಂಟೆ ಓಡಿಸಬೇಡಿ.

ಪ್ರಶ್ನೆ: ಸಾಹೇಬ್ರ, ನಮ್ಮ ತ್ವಾಟದ ಮನಿ ಕಾಯಾಕಂತ ಮುಧೋಳ ನಾಯಿ ತಂದೇವ್ರಿ. ಬೊಗಳೂದ ಕಡಿಮಿ. ಹೊಸಬ್ರು ಬಂದ್ರ ದೂರ ಹೋಗಿ ನಿಂದರ್ತೈತಿ, ಮೈ ಮುಟ್ಟಾಕ ಹ್ವಾದ್ರ ಗುರ್ ಅಂತೈತಿ. ಇದು ಅಂಜುಬುರುಕ ಐತೇನು?
(ರೈತರು, ಜಮಖಂಡಿ ತಾಲ್ಲೂಕು)

ಉತ್ತರ: ಅಂಜುಬುರುಕ ಅಲ್ಲ ಗೌಡ್ರೇ, ಅದರ ಸ್ವಭಾವಾನೇ ಹಾಗೆ. ಮುಧೋಳ ಎಲ್ರ ಹತ್ರಾನೂ ಬಾಲ ಅಲ್ಲಾಡಿಸ್ಕೊಂಡು ಹೋಗೋ ನಾಯಿ ಅಲ್ಲ. ಮನೆಯವರಲ್ಲೂ ಒಬ್ರನ್ನೋ ಇಬ್ರನ್ನೋ ಹಚ್ಕೊಳ್ಳುತ್ತೆ, ಹೊಸಬರು ಮೈ ಮುಟ್ಟೋದು ಅದಕ್ಕೆ ಆಗಲ್ಲ. ದೂರ ನಿಂತು ನೋಡ್ತಿರೋದು ಅಂದ್ರೆ ಅಳೀತಾ ಇದೆ ಅಂತ ಅರ್ಥ. ಸುಮ್ಮಸುಮ್ಮನೆ ಬೊಗಳೋ ಜಾತೀನೂ ಅಲ್ಲ. ನಿಮಗೆ ಗೇಟಲ್ಲೇ ನಿಂತು ಊರಿಗೆಲ್ಲ ಕೇಳೋ ಹಾಗೆ ಬೊಗಳೋ ನಾಯಿ ಬೇಕು ಅಂದ್ರೆ ಊರ ಬೀದಿ ನಾಯಿಮರೀನ ತಂದು ಸಾಕಿ, ತಮಾಷೆಗೆ ಹೇಳ್ತಿಲ್ಲ, ಆ ಕೆಲಸಕ್ಕೆ ಅದೇ ಬೆಸ್ಟು.

ಒಂದು ಮಾತು ಮಾತ್ರ ಕೇಳಿ, ಗುರ್ ಅಂದಾಗ ಬಡಿಗೆ ತಗೊಂಡು ಹೊಡೀಬೇಡಿ. ಗುರ್ ಅನ್ನೋದು ಎಚ್ಚರಿಕೆ. ಹೊಡೆದು ಅದನ್ನ ನಿಲ್ಲಿಸಿದ್ರೆ ನಾಯಿ ಎಚ್ಚರಿಕೆ ಕೊಡದೇ ನೇರ ಕಚ್ಚೋದು ಕಲಿಯುತ್ತೆ. ಮುಧೋಳ ತುಂಬಾ ಸೂಕ್ಷ್ಮ, ಒಂದ್ಸಲ ಹೊಡೆದವರನ್ನ ನೆನಪಿಟ್ಟುಕೊಳ್ಳುತ್ತೆ, ಆಮೇಲೆ ಕರೆದ್ರೆ ಬರಲ್ಲ. ಬಂದ ನೆಂಟರಿಗೆ ಹೇಳಿ, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಬೇಡ, ಕೈ ಚಾಚೋದು ಬೇಡ, ಕಟ್ಟೆ ಮೇಲೆ ಸುಮ್ನೆ ಕೂತು ಚಾ ಕುಡೀರಿ, ಪಕ್ಕದಲ್ಲಿ ಒಂದು ರೊಟ್ಟಿ ಚೂರು ಬಿಡಲಿ. ಅದೇ ಬಂದು ಮೂಸುತ್ತೆ. ಮುಂದಿನ ಸಲ ಮರಿ ತರೋರಿಗೂ ಇದೇ ಮಾತು, ಮೂರು ತಿಂಗಳು ತುಂಬೋದ್ರೊಳಗೆ ಜನ, ಮಕ್ಕಳು, ಟ್ರ್ಯಾಕ್ಟರ್ ಸದ್ದು, ದನ ಕುರಿ ಎಲ್ಲಾ ತೋರಿಸಿ ಅಭ್ಯಾಸ ಮಾಡಿಸಿಬಿಡಿ. ಆ ವಯಸ್ಸು ದಾಟಿದ್ರೆ ಕಷ್ಟ. ಮತ್ತೆ ದಿನಪೂರ್ತಿ ಸರಪಳಿ ಹಾಕಿ ಕಟ್ಟಬೇಡಿ, ಓಡೋ ನಾಯೀನ ಕಟ್ಟಿಹಾಕಿದ್ರೆ ತಲೆ ಕೆಡುತ್ತೆ.

ಪ್ರಶ್ನೆ: ವಾಕಿಂಗ್ ಹೋಗುವಾಗ ಬೆಕ್ಕು ಕಂಡ್ರೆ ಸಾಕು, ಬೆಲ್ಟಿನಿಂದ ತಲೆ ಕಿತ್ಕೊಂಡು ಓಡಿಬಿಡುತ್ತೆ. ಕೂಗಿದ್ರೆ ಕಿವೀನೇ ಕೇಳಿಸಲ್ಲ. ಕಳೆದ ಸಲ ತಂತಿ ಬೇಲಿಗೆ ಸಿಕ್ಕಿ ತೊಡೆ ಹರ್ಕೊಂಡು ಬಂತು.
(ಹುಬ್ಬಳ್ಳಿ)

ಉತ್ತರ: ಬೆಲ್ಟು ಬದಲಾಯಿಸಿ. ಈ ನಾಯಿಯ ತಲೆ ಕುತ್ತಿಗೆಗಿಂತ ಸಪೂರ, ಮಾಮೂಲಿ ಬೆಲ್ಟನ್ನ ಹಿಂದಕ್ಕೆ ಜಗ್ಗಿದ್ರೆ ಕಿವಿ ಮೇಲಿಂದ ಜಾರಿ ಬಂದುಬಿಡುತ್ತೆ. ಹಾಗಂತ ಇನ್ನೂ ಬಿಗಿ ಮಾಡಿದ್ರೆ ಉಸಿರು ಕಟ್ಟುತ್ತೆ. ಮಾರ್ಟಿಂಗೇಲ್ ಕಾಲರ್ ಅಂತ ಸಿಗುತ್ತೆ, ಎರಡು ಕುಣಿಕೆ ಇರುತ್ತೆ, ನಾಯಿ ಜಗ್ಗಿದಾಗ ಸಣ್ಣ ಕುಣಿಕೆ ಎಳ್ಕೊಂಡು ಕಾಲರ್ ಒಂದು ಮಟ್ಟಕ್ಕೆ ಬಿಗಿಯಾಗಿ ನಿಲ್ಲುತ್ತೆ, ಅದಕ್ಕಿಂತ ಜಾಸ್ತಿ ಆಗಲ್ಲ. ಅಗಲ ಪಟ್ಟಿಯದ್ದೇ ತಗೊಳ್ಳಿ, ಬಿಗಿಯಾದಾಗ್ಲೂ ಒಂದು ಬೆರಳು ಹೋಗಬೇಕು.

ಕೂಗಿದ್ರೆ ಕೇಳಿಸಲ್ಲ ಅನ್ನೋದು ನಿಜವೇ, ಬೇಟೆ ಕಣ್ಣಿಗೆ ಬಿದ್ದಮೇಲೆ ಅದಕ್ಕೆ ನೀವು ಇಲ್ಲವೇ ಇಲ್ಲ. ಮನೆ ಅಂಗಳದಲ್ಲಿ ಕರೆದ ತಕ್ಷಣ ಬರೋ ನಾಯಿ ರೋಡಲ್ಲೂ ಬರುತ್ತೆ ಅನ್ನೋ ನಂಬಿಕೆ ಇಟ್ಕೋಬೇಡಿ. ಗಾಡಿ ಓಡಾಡೋ ಕಡೆ ಯಾವತ್ತೂ ಬಿಚ್ಚಬೇಡಿ. ಇನ್ನು ಗಾಯ, ಇದರ ಚರ್ಮ ತೆಳು, ಮೇಲೆ ದಟ್ಟ ಕೂದಲೂ ಇಲ್ಲ, ಹಾಗಾಗಿ ಬೇರೆ ನಾಯಿಗೆ ಬರೀ ಗೀರಾಗೋ ಕಡೆ ಇದಕ್ಕೆ ಬಟ್ಟೆ ಹರಿದ ಹಾಗೆ ಹರಿಯುತ್ತೆ. ಅರಿಶಿನ ಮೆತ್ತಿ ಬಿಡಬೇಡಿ, ಸಲೈನ್ ಇಲ್ಲಾ ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಸ್ವಚ್ಛ ಬಟ್ಟೆ ಸುತ್ತಿ, ಅವತ್ತೇ ಹೊಲಿಗೆ ಹಾಕಿಸಿ.

ಪ್ರಶ್ನೆ: ಊರಲ್ಲಿ ಮೊಲ ಓಡಿಸೋಕೆ ಮುಧೋಳ ಬಿಡ್ತಾರೆ. ನಾನೂ ಟ್ರೈನಿಂಗ್ ಕೊಡಬೇಕು ಅಂತಿದ್ದೀನಿ, ಹೇಗೆ?

ಉತ್ತರ: ಹೇಳಿಕೊಡಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಮೊಲದ ಬೇಟೆ ಅಪರಾಧ, ನಾಯಿ ಹಿಡೀತು ನಾನಲ್ಲ ಅಂತ ಹೇಳಿದ್ರೆ ಅರಣ್ಯ ಇಲಾಖೆಯವರು ಕೇಳಲ್ಲ. ಓಡಿಸೋ ಆಸೆ ಇದ್ರೆ ಉದ್ದ ಕೋಲಿನ ತುದಿಗೆ ಹಗ್ಗ ಕಟ್ಟಿ, ಹಗ್ಗದ ಕೊನೆಗೆ ಒಂದು ಬಟ್ಟೆ ತುಂಡು ಕಟ್ಟಿ ಮೈದಾನದಲ್ಲಿ ಗಿರಗಿರ ತಿರುಗಿಸಿ, ಅದರ ಹಿಂದೆ ಹುಚ್ಚು ಹಿಡಿದ ಹಾಗೆ ಓಡುತ್ತೆ.

ಪ್ರಶ್ನೆ: ಹೆಣ್ಣು ನಾಯಿಗೆ ಗರ್ಭಕೋಶದ ಆಪರೇಷನ್ ಮಾಡಿಸಬೇಕು. ಮುಧೋಳಕ್ಕೆ ಅನಸ್ತೇಷಿಯಾ ಕೊಟ್ರೆ ಏಳಲ್ಲ ಅಂತ ಯಾರೋ ಹೆದರಿಸಿದ್ರು.
(ದಾವಣಗೆರೆ)

ಉತ್ತರ: ಏಳಲ್ಲ ಅನ್ನೋದು ಉತ್ಪ್ರೇಕ್ಷೆ, ಆದ್ರೆ ಬೆಂಕಿ ಇಲ್ಲದೆ ಹೊಗೆ ಬಂದಿಲ್ಲ. ಗ್ರೇಹೌಂಡ್ ಥರದ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ತುಂಬಾ ಕಮ್ಮಿ, ಜೊತೆಗೆ ಥಯೋಪೆಂಟೋನ್ ಅನ್ನೋ ಹಳೇ ಮಂಪರು ಔಷಧೀನ ಅವುಗಳ ಲಿವರ್ ನಿಧಾನಕ್ಕೆ ಕರಗಿಸುತ್ತೆ. ಹಾಗಾಗಿ ಬೇರೆ ನಾಯಿ ಎದ್ದು ಓಡಾಡೋ ಹೊತ್ತಿಗೆ ಇವು ಇನ್ನೂ ಮಂಪರಲ್ಲೇ ಬಿದ್ದಿರುತ್ತವೆ. ನಾವು ವೈದ್ಯರು ಮುಧೋಳವನ್ನೂ ಅದೇ ಲೆಕ್ಕಕ್ಕೆ ಸೇರಿಸಿ ಹುಷಾರಾಗಿರ್ತೀವಿ. ಈಗ ಪ್ರೊಪೋಫಾಲ್, ಐಸೋಫ್ಲೂರೇನ್ ಗ್ಯಾಸ್ ಇರೋ ಕಡೆ ಈ ತಲೆನೋವು ಬಹಳ ಕಮ್ಮಿ. ನೀವು ಮುಂಚೇನೇ ಕೇಳಿ, ಏನು ಔಷಧಿ ಕೊಡ್ತೀರ, ಗ್ಯಾಸ್ ಮಷೀನ್ ಇದ್ಯಾ, ಅಂತ. ಕೇಳಿದ್ರೆ ಬೇಜಾರು ಮಾಡ್ಕೊಳ್ಳೋ ಡಾಕ್ಟ್ರಿದ್ರೆ ಬೇರೆ ಡಾಕ್ಟ್ರನ್ನ ಹುಡುಕಿ. ತೂಕ ಅಂದಾಜಲ್ಲಿ ಹೇಳಬೇಡಿ, ತಕ್ಕಡಿ ಮೇಲೆ ನಿಲ್ಲಿಸಿ ನೋಡಿಸಿ. ಆಪರೇಷನ್ ಆದಮೇಲೆ ಕೊಬ್ಬಿಲ್ಲದ ಮೈ ಬೇಗ ತಣ್ಣಗಾಗುತ್ತೆ, ಮನೆಯಿಂದ ಒಂದು ದಪ್ಪ ಕಂಬಳಿ ತಗೊಂಡು ಹೋಗಿ ಹೊದಿಸಿ. ಬೆಳವಣಿಗೆ ಮುಗಿಯೋವರೆಗೆ, ಅಂದ್ರೆ ಸುಮಾರು ಒಂದು ವರ್ಷ ಆಗೋವರೆಗೆ ಕಾಯೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ನಾಯಿಗೆ ಜ್ವರ, ಊಟ ಬಿಟ್ಟಿದೆ, ನಿನ್ನೆ ಮೂಗಲ್ಲಿ ರಕ್ತ ಬಂತು. ಮೈಮೇಲೆ ಉಣ್ಣೆ ಇತ್ತು, ಕಿತ್ತು ಹಾಕಿದ್ವಿ. ಪ್ಯಾರಾಸಿಟಮಾಲ್ ಕೊಡಬಹುದಾ?
(ಮಂಡ್ಯ)

ಉತ್ತರ: ಕೊಡಬೇಡಿ, ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ. ನಿಮಗೆ ಫೋನಲ್ಲೇ ಹೇಳಿದ್ದೆ, ಬೇರೆಯವರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಹಾಕ್ತಿದೀನಿ. ಇದು ಉಣ್ಣೆ ಜ್ವರದ ಲಕ್ಷಣ, ಎರ್ಲಿಕಿಯಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಮ್ಮಿಯಾಗಿ ಮೂಗಲ್ಲಿ ರಕ್ತ ಬರುತ್ತೆ. ರಕ್ತಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕು, ಮೂರ್ನಾಲ್ಕು ದಿನಕ್ಕೇ ನಾಯಿ ಎದ್ದು ಕುಣಿದಾಡುತ್ತೆ, ಆಗ ಮಾತ್ರೆ ನಿಲ್ಲಿಸೋರೇ ಜಾಸ್ತಿ, ಕಾಯಿಲೆ ಒಳಗೇ ಉಳ್ಕೊಂಡು ತಿಂಗಳುಗಳ ನಂತರ ಮತ್ತೆ ಬರುತ್ತೆ. ಉಚ್ಚೆ ಕಾಫಿ ಬಣ್ಣಕ್ಕೆ ಬಂದಿದ್ರೆ, ವಸಡು ಬಿಳಿಚಿಕೊಂಡಿದ್ರೆ ಅದು ಉಣ್ಣೆಯಿಂದಲೇ ಬರೋ ಇನ್ನೊಂದು ಕಾಯಿಲೆ ಬೇಬಿಸಿಯಾ ಇರಬಹುದು, ಅದಕ್ಕೆ ಔಷಧಿ ಬೇರೆ.

ಉಣ್ಣೆ ಮೈಮೇಲೆ ಕಾಣೋದು ಸ್ವಲ್ಪ ಮಾತ್ರ, ಉಳಿದಿದ್ದೆಲ್ಲ ಗೋಡೆ ಬಿರುಕಲ್ಲಿ, ನಾಯಿಗೂಡಿನ ಸಂದಿಯಲ್ಲಿ, ಮಂಚದ ಕಾಲಲ್ಲಿ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತೆ, ಹಾಗಾಗಿ ಬಿರುಕೆಲ್ಲ ಸಿಮೆಂಟ್ ಹಾಕಿ ಮುಚ್ಚಿ. ದನಕ್ಕೆ ಹಚ್ಚೋ ಔಷಧೀನ ಅಂದಾಜಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯೋ ಅಭ್ಯಾಸ ನಮ್ಮ ಕಡೆ ಇದೆ, ಅದರಿಂದ ನಡುಗ್ತಾ ಜೊಲ್ಲು ಸುರಿಸ್ತಾ ಬಂದು ಸತ್ತ ನಾಯಿಗಳನ್ನ ನೋಡಿದೀನಿ. ನಾಯಿಗೇ ಅಂತ ಇರೋ ಮಾತ್ರೆ, ಬೆನ್ನಿಗೆ ಹಾಕೋ ಹನಿ ಸಿಗುತ್ತೆ, ತೂಕಕ್ಕೆ ತಕ್ಕ ಹಾಗೆ ತಗೊಳ್ಳಿ.

ಪ್ರಶ್ನೆ: ಕೆಲಸಕ್ಕೆ ಜರ್ಮನಿಗೆ ಶಿಫ್ಟ್ ಆಗ್ತಿದ್ದೀನಿ, ನಮ್ಮ ಮುಧೋಳಾನೂ ಕರ್ಕೊಂಡು ಹೋಗಬೇಕು. ಅಲ್ಲಿ ಚಳಿ ತಡ್ಕೊಳ್ಳುತ್ತಾ?
(ಬೆಂಗಳೂರು)

ಉತ್ತರ: ಚಳಿ ಆಮೇಲೆ, ಮೊದಲು ಕಾಗದ ಪತ್ರ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಲಸಿಕೆ ಆಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಯುರೋಪಿಯನ್ ಯೂನಿಯನ್ ಒಪ್ಪಿರೋ ಲ್ಯಾಬಿಗೆ ಕಳಿಸಬೇಕು, ರಿಸಲ್ಟ್ ಸರಿಯಾಗಿ ಬಂದ್ರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ಚಿಪ್ ಹಾಕೋ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಎಲ್ಲಾ ಸೇರಿ ನಾಲ್ಕೈದು ತಿಂಗಳ ಕೆಲಸ, ವೀಸಾ ಬಂದಮೇಲೆ ಶುರುಮಾಡೋಣ ಅಂತ ಕೂರಬೇಡಿ. ಚಳಿಗೆ ಬೆಂಗಳೂರು ಡಿಸೆಂಬರಲ್ಲೇ ಇದು ನಡುಗುತ್ತೆ, ಅಲ್ಲಿ ಹೊಟ್ಟೆ ಕೆಳಗೂ ಮುಚ್ಚೋ ಕೋಟು ಬೇಕೇ ಬೇಕು, ಮಲಗೋಕೆ ದಪ್ಪ ಹಾಸಿಗೆ. ಬರೀ ಟೈಲ್ಸ್ ಮೇಲೆ ಮಲಗಿಸಿದ್ರೆ ಮೊಣಕೈ ಚರ್ಮ ದಡ್ಡುಗಟ್ಟಿ ನೀರು ತುಂಬ್ಕೊಳ್ಳುತ್ತೆ.

ಪ್ರಶ್ನೆ: ಒರಿಜಿನಲ್ ಮುಧೋಳ ಮರಿ ಎಲ್ಲಿ ಸಿಗುತ್ತೆ? ಆನ್‌ಲೈನಲ್ಲಿ ಫೋಟೋ ಕಳಿಸಿ ಬಸ್ಸಲ್ಲಿ ಹಾಕ್ತೀವಿ ಅಂತಾರೆ.
(ತುಂಬಾ ಜನ)

ಉತ್ತರ: ಬಸ್ಸಲ್ಲಿ ಬರೋ ಮರಿ ಬೇಡ. ಮುಧೋಳದ ಹತ್ರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಈ ತಳಿಗೇ ಅಂತ ಮಾಡಿರೋದು, ಅಲ್ಲಿ ಮರಿ ಮಾರ್ತಾರೆ. ಸುತ್ತಲ ಹಳ್ಳಿಗಳಲ್ಲೂ ಸಾಕಿ ಮಾರೋ ಕುಟುಂಬಗಳು ಇವೆ. ಯಾರ ಹತ್ರ ತಗೊಂಡ್ರೂ ನೀವೇ ಹೋಗಿ ತಾಯಿ ನಾಯಿ ನೋಡಿ, ತಾಯಿ ಜನರನ್ನ ಕಂಡ್ರೆ ಮೂಲೆ ಸೇರಿ ನಡುಗ್ತಿದ್ರೆ ಅದರ ಮರಿ ಬೇಡ. ಎಂಟು ವಾರ ತುಂಬೋ ಮುಂಚೆ ತಾಯಿಯಿಂದ ಬಿಡಿಸಬೇಡಿ. ಮರಿಯ ಹೊಟ್ಟೆ ಡುಬ್ಬಣ್ಣ ಆಗಿದ್ರೆ ಪುಷ್ಟಿಯಾಗಿದೆ ಅಂತ ಖುಷಿ ಪಡಬೇಡಿ, ಬಹುತೇಕ ಜಂತುಹುಳು. ಪಾರ್ವೋ, ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆಗಳ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ, ರೇಬೀಸ್ ಮೂರು ತಿಂಗಳಿಗೆ. ಗ್ರೇಹೌಂಡ್ ಜೊತೆ ಕ್ರಾಸ್ ಮಾಡಿ ಇನ್ನೂ ಸ್ಪೀಡು ಅಂತ ಮಾರೋರೂ ಇದ್ದಾರೆ, ಅಂಥವರ ಹತ್ರ ತಂದೆ ನಾಯೀನೂ ತೋರಿಸಿ ಅಂತ ಕೇಳಿ, ಅರ್ಧ ಜನ ಅಲ್ಲೇ ಮಾತು ಬದಲಾಯಿಸ್ತಾರೆ. ತಿಮ್ಮಾಪುರಕ್ಕೆ ಹೋಗೋದಾದ್ರೆ ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಹೋಗಿ, ಹೋದ ದಿನಾನೇ ಮರಿ ಸಿಗುತ್ತೆ ಅಂತೇನಿಲ್ಲ.